ಮಲ್ಸೂನಜ್ಜಿಯ ಮೆಣಸಿನಕಾಯಿ ಮತ್ತು ಮೂರು ಕಂಪನಿಗಳ ಸೋಲಾರ್

ತೇಗು ಎಂಬ ನಮ್ಮ ಊರಿನ ಬಿಸಿಲನ್ನು ಬೈಯುವ ಹಕ್ಕು ನನಗೆ ಉಳಿದವರಿಗಿಂತ ಎರಡು ಮಹಡಿಯಷ್ಟು ಹೆಚ್ಚಿದೆ. ನಾನಿರುವುದು ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ. ಮೇಲೆ ಸೂರ್ಯ, ಕೆಳಗೆ ಮನೆಯೊಡತಿ ಪ್ಯೋ ಮಲ್ಸೂನಜ್ಜಿ. ನಡುವೆ ಬೇಯುವವನು ನಾನು. ನನ್ನ ಹೆಸರು ತೇಯುಲ್. ಅಜ್ಜಿಗೆ ಮಾತ್ರ ನಾನು ‘ಮಾಳಿಗೆ ಬ್ರಹ್ಮಚಾರಿ.’

ಬಸ್ಸಿನ ಸೀಟು ಮಾಡುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ಒಂದು ಸ್ಕ್ರೂ ಕೊಳ್ಳಬೇಕಾದರೂ ಮೂರು ಕಂಪನಿಗಳನ್ನು ಪಕ್ಕಪಕ್ಕ ನಿಲ್ಲಿಸಿ ಪಟ್ಟಿ ಮಾಡುತ್ತೇನೆ. ಆರಿಸುವುದು ಸಾಹೇಬರು. ನನ್ನಷ್ಟಕ್ಕೆ ನಾನು ಏನನ್ನೂ ಆರಿಸಿದವನಲ್ಲ. ಒಂದು ರೈಸ್ ಕುಕ್ಕರಿಗಾಗಿ ಎಂಟು ತಿಂಗಳು ಪಟ್ಟಿ ಮಾಡಿದೆ. ಅಷ್ಟರಲ್ಲಿ ಆ ಕುಕ್ಕರು ತಯಾರಾಗುವುದೇ ನಿಂತುಹೋಯಿತು.

ಅಜ್ಜಿ ಹದಿನೈದನೆಯ ವಯಸ್ಸಿಗೆ ಬಣ್ಣದ ಗಿರಣಿ ಸೇರಿ ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದವಳು. ನಮಗೆಲ್ಲ ಒಂದೇ ಕೆಂಪು ಕಾಣುವ ಕಡೆ ಅವಳಿಗೆ ಹನ್ನೊಂದು ಕಾಣುತ್ತವೆ. ಆ ಕಣ್ಣು ಈಗ ಮೆಣಸಿನಕಾಯಿಯ ಮೇಲೆ. ಆಗಸ್ಟ್ ಬಂತೆಂದರೆ ಯೊಂಗ್ಯಾಂಗ್ ಊರಿನಲ್ಲಿರುವ ಅವಳ ತಮ್ಮನ ಹೊಲದಿಂದ ಮೂಟೆಗಳು ಇಳಿಯುತ್ತವೆ. ಹಸಿರು ಬಣ್ಣ ಬಳಿದ ಮಾಳಿಗೆ ಒಂದೇ ಬೆಳಗಿಗೆ ಕೆಂಪಾಗುತ್ತದೆ. ನನ್ನ ಕೋಣೆಗೆ ನಾನೇ ಗೋಡೆಗೆ ಬೆನ್ನು ಉಜ್ಜಿಕೊಂಡು ಹೋಗಬೇಕು. ಎಲ್ಲೋ ಒಂದು ತುಂಡು ಮೋಡ ಕಂಡರೆ ಸಾಕು, “ಮಾಳಿಗೆ ಬ್ರಹ್ಮಚಾರೀ! ಮೋಡ!” ಎಂಬ ಕೂಗು. ಭಾನುವಾರದ ನಿದ್ದೆಯಿಂದ ಚಡ್ಡಿಯಲ್ಲೇ ಎದ್ದು ಎಷ್ಟು ಸಲ ಚಾಪೆ ಸುತ್ತಿದ್ದೇನೋ ನೆನಪಿಲ್ಲ. ಎದುರು ಲಾಂಡ್ರಿಯ ಬೊಂಗ್ ಚುನ್ಜಾಗೆ ನೆನಪಿದೆ.

ಒಂಬತ್ತು ಮನೆಗಳ ಕಿಮ್ಚಿ ಉಪ್ಪಿನಕಾಯಿಗೆ ಹೋಗುವುದು ಅಜ್ಜಿಯ ಮೆಣಸಿನ ಪುಡಿ. ಬಿಸಿಲಲ್ಲಿ ಒಣಗಿದ ಕಾಯಿಯ ತೊಟ್ಟು ಹಳದಿ ತಿರುಗುತ್ತದೆ, ಯಂತ್ರದಲ್ಲಿ ಒಣಗಿಸಿದ್ದರೆ ಹಸಿರಾಗಿಯೇ ಉಳಿಯುತ್ತದೆ. ಚುನ್ಜಾ ಪ್ರತಿವರ್ಷ ಬಂದು ಒಂದೊಂದೇ ತೊಟ್ಟು ನೋಡುತ್ತಾಳೆ. ಒಂದು ಹಸಿರು ತೊಟ್ಟು ಸಿಕ್ಕರೂ ಅಜ್ಜಿ ಓಣಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ.

ಹೀಗಿರುವಾಗ ಅಜ್ಜಿಗೆ ಅವಳ ಮಗಳು ಏಸಿ ಹಾಕಿಸಿಕೊಟ್ಟಳು. ಬಿಲ್ಲಿಗೆ ಹೆದರಿ ಅಜ್ಜಿ ಅದಕ್ಕೆ ಹೊದಿಕೆ ಹೊಲಿದು ಹೊದಿಸಿದಳು. ಆಮೇಲೆ ಮಾಳಿಗೆಗೆ ಸೋಲಾರ್ ಹಾಕಿಸುವವರಿಗೆ ನಗರಸಭೆ ಸಹಾಯ ಮಾಡುತ್ತದೆಂದು ಸುದ್ದಿ ಬಂತು. ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಫಲಕಗಳಿಗೆ ಬೇಕಾದದ್ದು ದಕ್ಷಿಣದ ಬಿಸಿಲು. ಮೆಣಸಿನಕಾಯಿಗೂ ಅದೇ.

“ಯಾವ ಕಂಪನಿದು ಒಳ್ಳೇದು ನೋಡಿ ಹೇಳೋ,” ಎಂದಳು. ನನ್ನ ಜೀವಮಾನದ ಕರೆ! ಮೂರು ಕಂಪನಿ, ತಲಾ ಎಂಟು ಫಲಕ, ಹದಿನೇಳು ಕಾಲಂ. ಅಜ್ಜಿ ಕನ್ನಡಕ ಏರಿಸಿ ಓದಿದಳು.

“ಇದ್ರಲ್ಲಿ ಮೆಣಸಿನಕಾಯಿ ಎಲ್ಲಿದೆ?”

“ಇದು ಕರೆಂಟಿನ ವಿಷಯ, ಅಜ್ಜಿ.”

“ಹದಿನೇಳು ಮನೆ ಕಟ್ಟಿದೀಯ, ನನ್ನ ಮೆಣಸಿನಕಾಯಿಗೆ ಒಂದು ಮನೆ ಇಲ್ಲ. ನಿಂಗೆ ಹೆಣ್ಣು ಯಾಕೆ ಸಿಗ್ತಿಲ್ಲ ಅಂತ ಈಗ ಗೊತ್ತಾಯ್ತು.”

ಶನಿವಾರ ಮೂವರನ್ನೂ ಕರೆಸಿದಳು. ಒಬ್ಬೊಬ್ಬರನ್ನೇ ಮಾಳಿಗೆಯ ಮರದ ಕಟ್ಟೆಯ ಮೇಲೆ ಕೂರಿಸಿ ಬಾರ್ಲಿ ನೀರು ಕೊಟ್ಟು ಒಂದೇ ಪ್ರಶ್ನೆ ಕೇಳಿದಳು. “ಮಾಳಿಗೆಯೆಲ್ಲಾ ನೀನೇ ತಗೊಂಡ್ರೆ ನಾನು ಇವನ್ನ ಎಲ್ಲಿ ಹರವಲಿ?”

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನದ ಕಂಪನಿಯವನು ಟೈ ಸರಿಮಾಡಿಕೊಂಡ. “ಡ್ರೈಯರ್ ತಗೊಳ್ಳಿ ಅಮ್ಮಾ! ಕರೆಂಟು ಸೂರ್ಯಂದೇ ಅಲ್ವಾ? ಮಿಷನ್ನಲ್ಲಿ ಒಣಗಿದ್ರೂ ಅದು ಬಿಸಿಲು ಮೆಣಸಿನಕಾಯೇ!”

ತರ್ಕ ಸರಿಯಾಗಿಯೇ ಇದೆಯಲ್ಲ ಎಂದು ನಾನು ತಲೆಯಾಡಿಸಿಬಿಟ್ಟೆ.

“ಹಂಗಾದ್ರೆ ಕಲ್ಲಂಗಡಿ ತಿಂದ್ರೆ ಸ್ನಾನ ಆಯ್ತು ಅನ್ನು,” ಎಂದು ಅಜ್ಜಿ ಅವನ ಮುಂದಿದ್ದ ಲೋಟ ಎತ್ತಿಕೊಂಡಳು.

ಎರಡನೆಯವನೂ ಅದೇ ಹೇಳಿದ. ಡ್ರೈಯರನ್ನು ಪುಕ್ಕಟೆ ಕೊಡುವುದಾಗಿಯೂ ಸೇರಿಸಿದ. ಅಜ್ಜಿ “ಎಷ್ಟು ದೊಡ್ಡದು?” ಎಂದು ಕೇಳಿ, ನಾಚಿಕೊಂಡು, ಅವನನ್ನೂ ಕಳಿಸಿದಳು.

ಮೂರನೆಯವನು ಮೋ ಇಕ್ಸೂ, ಬೆವರಲ್ಲಿ ತೊಯ್ದ ಕೆಲಸದ ಅಂಗಿಯಲ್ಲಿ ಬಂದ. ಕೂರಲೂ ಇಲ್ಲ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ.

“ಇನ್ನೂ ಎರಡು ದಿನ ಬೇಕು.”

ಅಜ್ಜಿಯ ಮುಖ ಬದಲಾಯಿತು. “ಮಿಷನ್ನಲ್ಲಿ ಒಣಗಿಸಿ ಬಿಸಿಲಿಂದು ಅನ್ನಬಹುದೇನಯ್ಯಾ?”

“ಅನ್ನಬಹುದು. ನಮ್ಮಮ್ಮನ ಎದುರು ಮಾತ್ರ ಅನ್ನಬೇಡಿ, ಸೌಟು ತಗೊಂಡ್ಬರ್ತಾಳೆ. ಎಂಟು ಫಲಕ ಯಾಕೆ ಅಜ್ಜಿ? ಆರು ಹಾಕ್ಸಿ. ಆ ಮೂಲೆ ಮೆಣಸಿನಕಾಯಿಗಿರಲಿ.”

ನಾನು ಪಟ್ಟಿ ಮುಂದೆ ಹಿಡಿದೆ. “ಅಜ್ಜಿ, ಇವರದ್ದು ಕೊನೇ ಸ್ಥಾನ. ಒಂಬತ್ತನೇ ಕಾಲಂ ನೋಡಿ, ಬಿಸಿಯಾದ್ರೆ ಇವರ ಫಲಕದ ಶಕ್ತಿ ಇಳಿಯುತ್ತೆ.”

“ಬಿಸಿಯಾದ್ರೆ ನಿಂದೂ ಇಳಿಯುತ್ತೆ. ಹಂಗಂತ ನಿನ್ನ ಮನೆ ಖಾಲಿ ಮಾಡಿಸಿದ್ನಾ?”

ಅರ್ಜಿಗೆ ಮುದ್ರೆ ಬಿತ್ತು. ಹದಿನೈದು ದಿನದಲ್ಲಿ ಆರು ಫಲಕ ಸೊಂಟದೆತ್ತರಕ್ಕೆ ಓರೆಯಾಗಿ ನಿಂತವು.

ಕರೆಂಟಿನ ಅಂಕಿ ನನ್ನ ಫೋನಿಗೆ ಬರುತ್ತಿತ್ತು. ಎರಡನೆಯ ವಾರದಿಂದ ಪ್ರತಿದಿನ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಅದು ಧೊಪ್ಪನೆ ಬೀಳತೊಡಗಿತು. ಒಂಬತ್ತನೇ ಕಾಲಂ! ನನಗಾದ ಸಂತೋಷ ಹೇಳಬಾರದು. ಅರ್ಧ ದಿನ ರಜೆ ಹಾಕಿ, ಇಕ್ಸೂಗೆ ಫೋನಿನಲ್ಲಿ ಚೆನ್ನಾಗಿ ಬೈದು, ಅವನ ಜೊತೆಗೇ ಮೆಟ್ಟಿಲು ಹತ್ತಿದೆ.

ಎರಡು ಫಲಕಗಳು ಅಡಿಯಿಂದ ಮುಡಿಯವರೆಗೆ ಕೆಂಪಾಗಿದ್ದವು. ಕಾಯಿ ಜಾರದಂತೆ ಮೇಲೊಂದು ಸೊಳ್ಳೆಪರದೆ ಕಟ್ಟಿತ್ತು. ಅದು ನನ್ನ ಸೊಳ್ಳೆಪರದೆ.

“ಮೂಲೇಲಿ ಜಾಗ ಸಾಲಲಿಲ್ಲ,” ಎಂದಳು ಅಜ್ಜಿ. “ಆದ್ರೆ ಇದು ನೋಡ್ರೋ! ಮೇಲೂ ಬಿಸಿ, ಕೆಳಗೂ ಬಿಸಿ. ಎಂಟು ದಿನದ್ದು ಐದೇ ದಿನಕ್ಕೆ!”

ಇಕ್ಸೂ ಪರದೆಯಡಿ ಕೈ ತೂರಿಸಿ ಒಂದು ಕಾಯಿ ತೆಗೆದು ಅಲ್ಲಾಡಿಸಿದ. ಬೀಜ ಗಿಲಿಗಿಲಿ ಎಂದವು.

“ಅಜ್ಜಿ, ಗ್ಯಾರಂಟಿ ಕಾಗದದಲ್ಲಿ ಇದರ ಬಗ್ಗೆ ಏನೂ ಬರೆದಿಲ್ಲ.”

“ಬೇಡ ಅಂತನೂ ಬರೆದಿಲ್ವಲ್ಲ.”

“ನಮ್ಮದು ಸ್ವಲ್ಪ ಜಾಸ್ತಿನೇ ಬಿಸಿಯಾಗುತ್ತೆ, ಅದೇ ನಮ್ಮ ದೋಷ.”

“ದೋಷ ಅಂತ ಯಾರಂದ್ರು? ಆ ಟೈಯವನದ್ದು ಹಾಕಿಸಿದ್ರೆ ಕಾಯಿಗೆ ಬೂಷ್ಟು ಹಿಡೀತಿತ್ತು!”

ಅಷ್ಟರಲ್ಲಿ ಚುನ್ಜಾ ಏದುಸಿರು ಬಿಡುತ್ತ ಹತ್ತಿ ಬಂದಳು. “ಐದೇ ದಿನಕ್ಕೆ ಒಣಗ್ತಂತೆ! ಮಿಷನ್ ತಾನೇ? ಹೇಳ್ಬಿಡು ಮಲ್ಸೂನಕ್ಕಾ, ಯಾರಿಗೂ ಹೇಳಲ್ಲ.”

“ನೋಡ್ಕೋ ಹೋಗು.”

ಚುನ್ಜಾ ಬಗ್ಗಿ ಒಂದೊಂದೇ ತೊಟ್ಟು ನೋಡಿದಳು. ಅಜ್ಜಿ ಆಕಾಶ ನೋಡುತ್ತಿದ್ದಳು. ಏಪ್ರನ್ನಿನ ಅಂಚು ಮಾತ್ರ ಅವಳ ಬೆರಳುಗಳಲ್ಲಿ ಮುದುಡಿ ಹೋಗಿತ್ತು. ಮೊದಲನೆಯ ಫಲಕ ಮುಗಿಯಿತು, ಎರಡನೆಯದೂ ಮುಗಿಯಿತು. ಎಲ್ಲವೂ ಹಳದಿ. ಚುನ್ಜಾ ಸೊಂಟ ಹಿಡಿದು ನೆಟ್ಟಗಾದಳು. “ನಮ್ಮ ಮಾಳಿಗೆಗೂ ಒಂದೆರಡು ಹಾಕಿಸ್ಬೇಕು,” ಎಂದಳು. “ಕರೆಂಟ್ ಬರದಿದ್ರೂ ಪರವಾಗಿಲ್ಲ.”

ಇಕ್ಸೂ ತನ್ನ ವಿಸಿಟಿಂಗ್ ಕಾರ್ಡ್ ತೆಗೆದು ಅವಳಿಗೆ ಕೊಟ್ಟ.

ನಾನು ಕೋಣೆಗೆ ಹೋಗಿ ಪಟ್ಟಿ ಬಿಚ್ಚಿ, ಹದಿನೆಂಟನೇ ಕಾಲಂ ಸೇರಿಸಿ, ‘ಮೆಣಸಿನಕಾಯಿ’ ಎಂದು ಬರೆದೆ. ಕೊನೆಯ ಕಂಪನಿ ಮೊದಲಿಗೆ ಬಂತು. ಮೊದಲ ಬಾರಿಗೆ ನನ್ನ ಪಟ್ಟಿ ಯಾರೋ ಆರಿಸಿದ್ದನ್ನೇ ಆರಿಸಿತ್ತು. ಹೆಮ್ಮೆಯಿಂದ ಹಿಂದಕ್ಕೆ ಒರಗುವಷ್ಟರಲ್ಲಿ ಹೊರಗಿನಿಂದ ಕೂಗು ಬಂತು.

“ಮಾಳಿಗೆ ಬ್ರಹ್ಮಚಾರೀ! ಮೋಡ! ನೀನೂ ಬಾರಯ್ಯಾ ಸೋಲಾರು, ಪರದೆ ಆ ಕಡೆ ತುದಿ ಹಿಡ್ಕೋ!”