ಅತ್ತೆಯ ಶ್ಯಾವಿಗೆ ಮೋಡ

ನಮ್ಮ ಅತ್ತೆಯ ತಲೆಯ ಮೇಲೆ ಸೆರಗು ನಿಲ್ಲುತ್ತಲೇ ಇರಲಿಲ್ಲ. ಮುಖ ಯಾವಾಗಲೂ ಆಕಾಶಕ್ಕೆ ಎತ್ತಿದ್ದೇ. ಸೆರಗು ಜಾರುವುದು, ಅವರು ನೋಡದೆಯೇ ಎಳೆದುಕೊಳ್ಳುವುದು, ಅದು ಮತ್ತೆ ಹೆಗಲಿಗೆ ಬೀಳುವುದು. ಸೊಸೆಯಾದ ನನ್ನ ಸೆರಗು ಮಾತ್ರ ಕಣ್ಣಿನವರೆಗೆ ಇಳಿದಿರುತ್ತಿತ್ತು. ದುಂಡಸಿಯ ಆ ಮನೆಗೆ ನಾನು ಹಾನಗಲ್ಲಿನಿಂದ ಬಂದದ್ದು ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದಾಗ. ತವರು ನೆನಪಾದರೆ ಯಾರಿಗೂ ಕಾಣದಂತೆ ಅಳಲು ಮನೆಯ ಮೇಲಿನ ಬಯಲು ಮಾಳಿಗೆ ಹತ್ತುತ್ತಿದ್ದೆ. ಒಂದು ಸಂಜೆ ಹತ್ತಿ ನೋಡಿದರೆ ಅತ್ತೆ ಆಗಲೇ ಕೌದಿ ಹಾಸಿಕೊಂಡು ಅಂಗಾತ ಮಲಗಿದ್ದರು.

“ಬಾ, ಕುಂಡ್ರು. ಸೆರಗು ಸರಸು, ಇಲ್ಲಿ ನಿನ್ನ ನೋಡಾಕ ಯಾರದಾರ? ಈ ಮಳಿ ಮೋಡ ನಿಮ್ಮ ಹಾನಗಲ್ಲ ಕಡೆಯಿಂದ ಬರ್ತಾವ, ಸವಣೂರಿಗೆ ನನ್ನ ಮಗಳ ಊರಿಗೆ ಹೋಗ್ತಾವ. ನಾವಿಬ್ರೂ ನಡುವ ಕುಂತು ನೋಡೂಣು” ಎಂದರು.

ನನ್ನ ಅಳು ಅರ್ಧಕ್ಕೇ ನಿಂತಿತು. ಅಂದಿನಿಂದ ಪಾಠ ಶುರುವಾಯಿತು. ಎತ್ತರದಲ್ಲಿ ಎಳೆ ಎಳೆಯಾಗಿರುವುದು ಶ್ಯಾವಿಗೆ ಮೋಡ. ಪಂಚಮಿಗೆ ಹುರಿದ ಜೋಳದ ಅಳ್ಳು ಚೆಲ್ಲಿದಂತೆ ಹರಡಿದ್ದು ಅಳ್ಳಿನ ಮೋಡ. ಆಷಾಢದಲ್ಲಿ ಅಂಚೇ ಕಾಣದಂತೆ ಊರಿಗೆ ಊರನ್ನೇ ಹೊದಿಸುವುದು ಕೌದಿ ಮೋಡ. ಬೇಸಿಗೆಯ ಮಧ್ಯಾಹ್ನ ಬುಡ ಕಪ್ಪಾಗಿ, ನೆತ್ತಿ ಬೆಳ್ಳಗಾಗಿ ಹುಲ್ಲಿನ ಮೆದೆಯಂತೆ ಏರುವುದು ಬಣವಿ ಮೋಡ. “ಅದನ್ನ ಕಂಡ್ರ ಮೊದಲ ಒಣಹಾಕಿದ್ದು ತಗಿ, ಆಮ್ಯಾಲೆ ಚಂದ ನೋಡು” ಎನ್ನುತ್ತಿದ್ದರು. ಹೇಳುವುದೇನೋ ಸುಲಭ.

ಒಂದು ವೈಶಾಖದಲ್ಲಿ ಸವಣೂರಿನ ಮಗಳಿಗೆ ಚೊಚ್ಚಲ ಬಸುರಿನ ಕುಬಸ. ಬುತ್ತಿಯಲ್ಲಿ ಒಯ್ಯಲೆಂದು ಓಣಿಯ ಹೆಂಗಸರು ಕೂಡಿ ಹೊಸೆದ ಶ್ಯಾವಿಗೆ ಮಾಳಿಗೆಯ ತುಂಬ ಒಣಗುತ್ತಿತ್ತು. ತವರಿನ ಬುತ್ತಿ ಸಣ್ಣದಾದರೆ ಬಸುರಿ ಮಗಳು ಬೀಗರ ಮನೆಯಲ್ಲಿ ಮಾತು ಕೇಳಬೇಕು. ಕಾವಲಿಗೆ ನಾವಿಬ್ಬರು. ಅತ್ತೆ ಹಾನಗಲ್ಲಿನ ಕಡೆ ಮುಖ ಮಾಡಿ, ಶ್ಯಾವಿಗೆ ಮೋಡದ ಒಂದೊಂದೇ ಎಳೆ ತೋರಿಸುತ್ತ ಮೈಮರೆತರು. ಮಳೆ ಬಂದರೆ ಆ ಕಡೆಯಿಂದಲೇ ಬರಬೇಕೆಂಬ ಭರವಸೆ ಬೇರೆ. ಬೆನ್ನ ಹಿಂದೆ, ಸವಣೂರಿನ ದಿಕ್ಕಿನಲ್ಲಿ, ಬಣವಿ ಮೋಡ ಏರಿಬಿಟ್ಟಿತ್ತು. ದಪ್ಪ ಹನಿ ಬಿದ್ದಾಗಲೇ ನಾವು ತಿರುಗಿದ್ದು. ಮೊರ, ಕೌದಿ, ಸೆರಗು ಎಲ್ಲದರಲ್ಲೂ ಬಾಚಿದೆವು. ಉಳಿದದ್ದು ಬರೀ ಮುದ್ದೆ.

ಅತ್ತೆ ಅದರ ನಡುವೆಯೇ ಕುಳಿತು ಕಣ್ಣು ತುಂಬಿಕೊಂಡರು. ಅಲ್ಲಿಯವರೆಗೆ ಅವರ ಮುಂದೆ ಹ್ಞೂಂ, ಉಹ್ಞೂಂ ಬಿಟ್ಟು ಮಾತಾಡದ ನಾನು ಬಾಯಿಬಿಟ್ಟೆ.

“ಅತ್ಯಾರ, ಮೋಡ ಸವಣೂರಿಂದನ ಬಂದೈತಿ. ಬೀಗರ ಪಾಲು ಬೀಗರ ಬಂದು ತಿಂದುಹೋದ್ರು, ಬಿಡ್ರಿ.”

ಅತ್ತೆ ನಗಲು ಶುರುಮಾಡಿದವರು ಬಿಕ್ಕಳಿಕೆ ಬರುವವರೆಗೂ ನಿಲ್ಲಿಸಲಿಲ್ಲ. ಆ ಮುದ್ದೆಯನ್ನೇ ಬೆಲ್ಲ ಹಾಕಿ ಕುದಿಸಿ ಓಣಿಗೆಲ್ಲ ಬಡಿಸಿದೆವು. ಉಂಡ ಹೆಂಗಸರು ಮರುದಿನ ತಮ್ಮ ತಮ್ಮ ಮನೆಯ ಹಿಟ್ಟು ಹಿಡಿದು ಬಂದು ಮತ್ತೆ ಹೊಸೆದರು. ಬುತ್ತಿ ತುಂಬಿಯೇ ಹೋಯಿತು. ಈ ಸಲ ಅತ್ತೆ ಸವಣೂರಿನ ಕಡೆ ಮುಖ ಮಾಡಿ ಕಾವಲು ಕುಳಿತಿದ್ದರು.

ಯುದ್ಧ ಮುಗಿದ ಮೇಲಿನ ಒಂದು ಶ್ರಾವಣದಲ್ಲಿ ಅವರು ತೀರಿಕೊಂಡರು. ಮಗಳಿಗೆ ಸುದ್ದಿ ಮುಟ್ಟಿಸಲು ಆಳು ಸವಣೂರಿನ ದಾರಿ ಹಿಡಿದ. ಮೀಸಿ, ಹೊಸ ಸೀರೆ ಉಡಿಸಿ, ನಮ್ಮಲ್ಲಿಯ ರೂಢಿಯಂತೆ ಕಟ್ಟೆಯ ಮೇಲೆ ಕೂರಿಸಿದಾಗ ಯಾರೋ ಅವರ ಸೆರಗನ್ನು ಹಣೆಯವರೆಗೆ ಎಳೆದು ಸರಿಮಾಡಿದ್ದರು. ಹಾನಗಲ್ಲಿನ ಕಡೆಯಿಂದ ಮೋಡಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ತವರು ಬಿಟ್ಟು ಬಂದ ನನ್ನನ್ನು ಆ ಮನೆಯವಳನ್ನಾಗಿ ಮಾಡಿದವರಿಗೆ ಕೊಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಹತ್ತಿರ ಹೋಗಿ, ಆ ಸೆರಗನ್ನು ಹೆಗಲಿಗೆ ಇಳಿಸಿ ಬಂದೆ.