ಶುಕ್ರವಾರದ ಆರತಿ ಎತ್ತಿದ ಕೈ

ಎರಡು ವರ್ಷದ ಹತ್ತಿರ ನಮ್ಮೂರ ಗಂಗಮ್ಮನಿಗೆ ಶುಕ್ರವಾರದ ಆರತಿ ಎತ್ತಿದ್ದು ಪೂಜಾರಿ ಮುನಿಯಪ್ಪನವರಲ್ಲ — ಅವರ ಹೆಂಡತಿ ನಾರಾಯಣಮ್ಮ, ಅಂದರೆ ನಾನು. ನೀವು ಕುವೈತಿನಲ್ಲೋ ಸಿಂಗಪುರದಲ್ಲೋ ಕೂತು ಫೋನಿಗೆ ಕೈ ಮುಗಿಯುವಾಗ ನಿಮಗೆ ಕಾಣುತ್ತಿದ್ದದ್ದು ನನ್ನ ಕೈ. ಹೆಂಗಸರು ಗರ್ಭಗುಡಿಯ ಹೊಸಿಲು ದಾಟಬಾರದೆಂಬ ಕಟ್ಟಳೆ ನಮ್ಮೂರಲ್ಲಿದೆ. ನಾನು ದಾಟಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ನಾಚಿಕೆಪಡಬೇಕಾದ ತಪ್ಪು ಬೇರೆಯೇ ಇದೆ — ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಇಷ್ಟು ಕಾಲ ಬೇಕಾಯಿತು.

ನಮ್ಮೂರು ಬಂಗಾರಪೇಟೆಯ ಪಕ್ಕದ್ದು. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಾಂಪಿಯನ್ ರೀಫ್ಸಿನಿಂದ ಜನ ಬಂದು ನಮ್ಮ ಗಂಗಮ್ಮನಿಗೆ ಹರಕೆ ಹೊತ್ತು ಹೋಗುತ್ತಿದ್ದರಂತೆ, ಭೂಮಿಯೊಳಗೆ ಇಳಿದವರು ಜೀವಂತ ಮೇಲೆ ಬರಲಿ ಅಂತ. ಗಣಿ ಮುಚ್ಚಿತು, ಅವರ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲಿಗೋ ಚದುರಿದರು. ದೇವರನ್ನು ಮಾತ್ರ ಬಿಡಲಿಲ್ಲ. ಸೆಲ್ವಿ ಅಂಥವಳು. ತಾತ ಗಣಿಯಲ್ಲಿದ್ದವರು, ಅವಳು ಕುವೈತಿನಲ್ಲಿ ನರ್ಸು. ಒಮ್ಮೆ ರಜೆಗೆ ಬಂದವಳು ಗುಡಿ ಮುಂದೆ ನಿಂತು ನನ್ನ ಗಂಡನನ್ನು ಕೇಳಿದಳು: "ಪೂಸಾರಿ ಅಣ್ಣಾ, ಶುಕ್ರವಾರ ಪೂಜೆ ಮಾಡೋವಾಗ ಫೋನ್ ಆನ್ ಮಾಡಿ ಇಡಿ. ಅಮ್ಮನ್ನ ನೋಡ್ಕೊಂಡು ಅಲ್ಲೇ ರೂಮಲ್ಲಿ ಒಂದು ದೀಪ ಅಚ್ಕೋತೀನಿ."

ಊರ ಯಜಮಾನ ವೆಂಕಟರಾಯಪ್ಪ ಮಾವ ಒಂದೇ ಮಾತಿಗೆ ಒಪ್ಪಿದರು. ಚಪ್ಪಲಿ, ಚರ್ಮದ ಬೆಲ್ಟು, ಹೆಂಗಸು — ಇವು ಒಳಗೆ ಹೋಗಬಾರದು. ಫೋನು ಹೋಗಬಹುದು. ಅಂದು ನನಗೂ ಅದು ವಿಚಿತ್ರವೆನಿಸಲಿಲ್ಲ. ಹೂ ಕಟ್ಟುವುದು, ಅಂಗಳ ಸಾರಿಸುವುದು, ಪಾತ್ರೆ ಬೆಳಗುವುದು ನನ್ನ ಕೆಲಸ. ಹೊಸಿಲಿನ ಆಚೆಯದೆಲ್ಲ ಗಂಡನದು. ಸೆಲ್ವಿಯ ಮೂಲಕ ದೂರದ ಊರುಗಳಲ್ಲಿದ್ದ ಎಷ್ಟೋ ಮನೆಗಳವರು ಫೋನಿನ ಪೂಜೆಗೆ ಸೇರಿಕೊಂಡರು.

ಆಮೇಲೆ ನನ್ನ ಗಂಡನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗೈ ಹೋಯಿತು. ಪೂಜೆ ಬೇರೆ ಮನೆಯವರ ಪಾಲಾಗುತ್ತದೆಂಬ ಭಯಕ್ಕೆ ಅವರು ಕೈಯನ್ನು ಟವೆಲಿನಡಿ ಮುಚ್ಚಿಕೊಂಡು ಓಡಾಡಿದರು. ಫೋನಿನ ಪೂಜೆ ಬಾಗಿಲು ಮುಚ್ಚಿಕೊಂಡು ನಡೆಯುತ್ತಿತ್ತು; ಊರವರು ಬರುವಷ್ಟರಲ್ಲಿ ಆರತಿ ಮುಗಿದು ತಟ್ಟೆ ಹೊಸಿಲ ಮೇಲಿರುತ್ತಿತ್ತು. ಅವರು ಒಳಬಾಗಿಲ ಪಕ್ಕ ಕೂತು ಅಮ್ಮನ ಹೆಸರುಗಳನ್ನು ಹೇಳುವರು. ನಾನು ಸೀರೆಯ ಮೇಲೆ ಅವರ ತುಂಬುತೋಳಿನ ಅಂಗಿ ಹಾಕಿಕೊಂಡು, ಬಳೆ ತೆಗೆದಿಟ್ಟು ಆರತಿ ಎತ್ತುವೆನು.

ಮೊದಲ ದಿನ ಬಲಗಾಲಿಟ್ಟು ಒಳಗೆ ಹೋದೆ. ಏನೋ ಆಗುತ್ತದೆ ಅಂದುಕೊಂಡಿದ್ದೆ — ಏನೂ ಆಗಲಿಲ್ಲ. ಕಲ್ಲು ತಣ್ಣಗಿತ್ತು. ಅಷ್ಟು ವರ್ಷ ಹೂ ಕಟ್ಟಿ ಕೊಟ್ಟವಳು, ಆ ಹಾರ ಅಮ್ಮನ ಎದೆಯ ಮೇಲೆ ಎಲ್ಲಿವರೆಗೆ ಇಳಿಯುತ್ತದೆಂದು ಅಂದೇ ನೋಡಿದ್ದು. ಬರಬರುತ್ತಾ ನನಗೆ ಅದು ಇಷ್ಟವಾಯಿತು. ಇದನ್ನೂ ಬಚ್ಚಿಡುವುದಿಲ್ಲ: ಅವರ ಕೈ ವಾಸಿಯಾಗದಿದ್ದರೂ ಪರವಾಗಿಲ್ಲ ಅನ್ನಿಸಿದ ಶುಕ್ರವಾರಗಳಿದ್ದವು. "ಇತ್ತೀಚೆಗೆ ಅಮ್ಮನ ಅಲಂಕಾರ ನೋಡಿದ್ರೆ ಕಣ್ಣು ತುಂಬ್ತದೆ ಅಣ್ಣಾ" ಎಂದು ಸೆಲ್ವಿ ಹೇಳಿ ಕಳಿಸಿದ್ದಳು. ಅವರು ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು.

ಈ ಗುಟ್ಟು ತಿಳಿದಿದ್ದವಳು ಸರಸ ಒಬ್ಬಳೇ. ಗಂಡನ ಚಿಕ್ಕಪ್ಪನ ಮಗ ಶ್ರೀನಿವಾಸನ ಹೆಂಡತಿ, ನನಗೆ ಓರಗಿತ್ತಿ. ಗಣಿ ಪಕ್ಕದ ಆಂಡರ್ಸನ್‌ಪೇಟೆಯವಳು. ಅವಳ ತಾಯಿ ಭಾನುವಾರ ಅಲ್ಲಿ ಚರ್ಚಿನ ಪ್ರಾರ್ಥನೆಗೆ ಹೋಗುತ್ತಿದ್ದಳು, ಸರಸ ಶುಕ್ರವಾರ ನನ್ನ ಜೊತೆ ಗಂಗಮ್ಮನಿಗೆ ಹೂ ಕಟ್ಟುತ್ತಿದ್ದಳು. ಗಣಿ ಸೀಮೆಯಲ್ಲಿ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಮಗುವಿಗೆ ಜ್ವರ ಬಂದರೆ ದರ್ಗಾದ ತಾಯತ, ಚರ್ಚಿನ ಮೇಣದಬತ್ತಿ, ಗಂಗಮ್ಮನ ಬೇವು ಎಲ್ಲ ಒಂದೇ ಮನೆಯಲ್ಲಿರುತ್ತಿದ್ದವು. ಆದರೆ ಆರತಿಯನ್ನು ಕಡಲಾಚೆ ಮುಟ್ಟಿಸಿದ ಫೋನೇ ಬೇರೆಯದನ್ನೂ ಮನೆಮನೆಗೆ ತಂದಿತು. ಯಾರೋ ಎಲ್ಲಿಂದಲೋ ಕಳಿಸಿದ ವಿಡಿಯೊಗಳನ್ನು ನೋಡಿ ನೋಡಿ, ಯಾರು ಯಾವ ಕಡೆಯವರು ಎಂದು ಕೇಳುವುದನ್ನು ನಮ್ಮೂರು ಕಲಿತುಬಿಟ್ಟಿತ್ತು.

ಒಂದು ಗುರುವಾರ ನಾವಿಬ್ಬರೂ ಬಂಗಾರಪೇಟೆಯಲ್ಲಿ ಒಂದೇ ಥರದ ಕೆಂಪು ಗಾಜಿನ ಬಳೆ ತೊಡಿಸಿಕೊಂಡು ಬಂದೆವು. ಮರುದಿನ ಅವಸರದಲ್ಲಿ ಬಳೆ ತೆಗೆಯುವುದನ್ನು ಮರೆತೆ. ಆರತಿ ಎತ್ತುವಾಗ ಅಂಗಿಯ ತೋಳು ಜಾರಿತು — ಒಂದು ಕ್ಷಣ, ಅಷ್ಟೇ. ಸಿಂಗಪುರದಲ್ಲಿದ್ದ ಯಾರೋ ಫೋನಿನಲ್ಲಿ ಅದರ ಚಿತ್ರ ಹಿಡಿದು, ಕೆಂಪು ಬಳೆಯ ಸುತ್ತ ಗೆರೆ ಎಳೆದು ಕಳಿಸಿದರು. ಶನಿವಾರ ಸಂಜೆಯೊಳಗೆ ಊರಿನ ಎಲ್ಲರ ಫೋನಿನಲ್ಲೂ ನನ್ನ ಮಣಿಕಟ್ಟಿತ್ತು. ನಾನು ಬಳೆಗಳನ್ನು ಒಡೆದು ತಿಪ್ಪೆಗೆ ಹಾಕಿ, ಹಳೆಯ ಹಸಿರು ಬಳೆ ತೊಟ್ಟೆ. ಸರಸಳಿಗೆ ಹೇಳಲಿಲ್ಲ. ಹೇಳಬಹುದಿತ್ತು — ಪಕ್ಕದ ಮನೆ.

ಭಾನುವಾರ ಗುಡಿ ಮುಂದೆ ಊರು ಸೇರಿತು. ಸರಸ ಕೆಂಪು ಬಳೆಯಲ್ಲೇ ಬಂದಳು.

"ಅಗೋ, ಆಯಮ್ಮನ ಕೈ ನೋಡ್ರೋ!" ಎಂದು ಯಾರೋ ಕೂಗಿದರು.

ಸರಸ ತನ್ನ ಕೈ ನೋಡಿಕೊಂಡಳು. ಆಮೇಲೆ ನನ್ನ ಕೈ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ನಾನೇ ಹೇಳುತ್ತೇನೆಂದು ಕಾಯುತ್ತಿದ್ದಳು ಅಂತ ಕಾಣುತ್ತದೆ.

ವೆಂಕಟರಾಯಪ್ಪ ಮಾವ ನನ್ನ ಕಡೆ ತಿರುಗಿದರು. "ನಾರಾಯಣಮ್ಮಾ, ಶುಕ್ರವಾರ ಈಯಮ್ಮ ಗುಡಿ ತಾವ ಬಂದಿದ್ಲಾ?"

"ಊವ ಕೊಡಾಕ್ ಬಂದಿದ್ಲು ಮಾವ. ಒಳಕ್ಕೆ ಓದ್ಲೋ ಏನೋ... ನಾನು ನೋಡ್ಲಿಲ್ಲ."

ಅಷ್ಟೇ ನಾನು ಹೇಳಿದ್ದು. ಉಳಿದದ್ದನ್ನು ಊರು ಹೇಳಿತು — ಅವಳಮ್ಮ ಪ್ರಾರ್ಥನೆಗೆ ಹೋಗುವವಳು, ಪೂಜಾರಿ ಕಣ್ಣು ಮುಚ್ಚಿ ಕೂತಿದ್ದಾಗ ನುಗ್ಗಿ ಬೇಕಂತಲೇ ಗುಡಿ ಕೆಡಿಸಿದ್ದಾಳೆ, ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅಂತ. ನನ್ನ ಗಂಡ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಆದರೆ ಅವರ ಮೌನದ ಹಿಂದೆ ನಾನು ಅವಿತುಕೊಳ್ಳುವುದಿಲ್ಲ. ಮಾತಾಡಿದ್ದು ನಾನು.

ಸರಸಳ ಕೈಯಲ್ಲೇ ನೀರು ಹೊರಿಸಿ ಮೆಟ್ಟಿಲು ತೊಳೆಸಿದರು. ಇನ್ನು ಅಂಗಳಕ್ಕೆ ಕಾಲಿಡಬೇಡ ಅಂದರು. ಕೆಲವೇ ದಿನಗಳಲ್ಲಿ ಶ್ರೀನಿವಾಸ ಅವಳನ್ನು ಕರೆದುಕೊಂಡು ಆಂಡರ್ಸನ್‌ಪೇಟೆಗೆ ಹೊರಟುಹೋದ. ಗುಡಿಗೆ ಶುದ್ಧಿ ಮಾಡಿಸಿದರು. ಆ ಶುದ್ಧಿಯಾದ ಗುಡಿಯೊಳಗೆ, ಮುಂದಿನ ಶುಕ್ರವಾರ, ನಾನು ಮತ್ತೆ ಹೋದೆ.

ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಗುಡಿಯ ಮುಂದೆ ಅವರ ಪಟ ಇಟ್ಟು, ಕಾಯಿಲೆಯಲ್ಲೂ ಅಮ್ಮನ ಸೇವೆ ಬಿಡದ ಕೈ ಎಂದು ಹೊಗಳಿದರು. ನಿಮ್ಮಲ್ಲಿ ಎಷ್ಟೋ ಜನ ಫೋನಿನಲ್ಲೇ ಅತ್ತಿರಿ. ನಿಜ ಹೇಳಿಬಿಡುತ್ತೇನೆ, ಅಂದು ನನಗೆ ಮೊದಲು ನೆನಪಾದವಳು ಸರಸಳಲ್ಲ. ನನಗೆ ಸಿಟ್ಟು ಬಂತು. ನಾನು ಮಾಡಿದ್ದು ಇನ್ನೊಬ್ಬರ ಹೆಸರಿಗೆ ಹೋಯಿತೆಂಬ ಸಿಟ್ಟು. ಆ ಸಿಟ್ಟು ಹೊತ್ತುಕೊಂಡು ಮನೆಗೆ ಬಂದ ಮೇಲೆ — ನಾನು ಮಾಡಿದ್ದು ಯಾರ ಹೆಸರಿಗೆ ಹೋಗಿತ್ತೆಂದು ಆಗ ನೆನಪಾಯಿತು.

ಗಣಿ ಕಡೆಯ ಮಾರಿಕುಪ್ಪಂ ರೈಲು ಹತ್ತಿ, ಇಳಿದು, ಆಟೋದಲ್ಲಿ ಸರಸಳ ತಾಯಿಯ ಮನೆಗೆ ಹೋದೆ. ಸರಸ ಬಾಗಿಲ ಬಳಿ ರವಿಕೆ ಹೊಲಿಯುತ್ತಿದ್ದಳು. ನಾನು ನಿಂತುಕೊಂಡೇ ಅಳುತ್ತಾ ಎಲ್ಲ ಹೇಳಿದೆ. ಅವಳು ಮಷೀನು ನಿಲ್ಲಿಸಲಿಲ್ಲ.

"ನನ್ ತಾವ ಯಾಕಕ್ಕಾ ಏಳ್ತೀಯಾ? ನಂಗೊತ್ತಿಲ್ವಾ? ಗೊತ್ತಿಲ್ದೋರ ತಾವ ಏಳೋಗು."

ಮುಂದಿನ ಶುಕ್ರವಾರ ಗುಡಿಗೆ ಹೋದೆ. ಈಗಿನ ಪೂಜಾರಿ ದಾಯಾದಿ ಮನೆಯ ಇನ್ನೊಬ್ಬ ಮೈದುನ. ಅವನು ಬಾಗಿಲು ತೆರೆದೇ ಪೂಜೆ ಮಾಡುತ್ತಾನೆ, ಊರವರೂ ಇದ್ದರು, ಫೋನೂ ನಡೆಯುತ್ತಿತ್ತು. ಹೊಸಿಲ ಬಳಿ ನಿಂತು, ನನ್ನ ಹೆಸರು ಹೇಳಿ, ಮಾಡಿದ್ದೆಲ್ಲ ಹೇಳಿದೆ.

"ಏಯ್, ಫೋನ್ ಆನಾಗೈತಮ್ಮಾ!" ಎಂದು ವೆಂಕಟರಾಯಪ್ಪ ಮಾವ ಹಲ್ಲು ಕಚ್ಚಿದರು.

"ಅದುಕ್ಕೇ ಏಳ್ತಿರೋದು ಮಾವ" ಎಂದೆ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ನನಗೂ ಅಂಗಳ ಮುಚ್ಚಿತು. ಸೆಲ್ವಿ ಫೋನು ಮಾಡಿ, "ನಂಗೆ ಮೋಸ ಮಾಡ್ಬಿಟ್ಟಿರಿ ಅಕ್ಕಾ" ಎಂದು ಅತ್ತು, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು. ಅವಳ ದೀಪ ಸುಳ್ಳಾಗಲಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ನಂಬು ಎಂದು ಅವಳಿಗೆ ಹೇಳಲು ನಾನು ಯಾರು? ಸರಸಳನ್ನು ಮರಳಿ ಬರಬಹುದೆಂದು ಊರವರು ಕರೆದರಂತೆ. ಅವಳು ಬರಲಿಲ್ಲ. ನನ್ನೊಂದಿಗೆ ಮಾತೂ ಇಲ್ಲ.

ಮೊನ್ನೆ ಮಧ್ಯಾಹ್ನ ವೆಂಕಟರಾಯಪ್ಪ ಮಾವ ಮನೆಗೆ ಬಂದರು. ಕಾಫಿ ಕೊಟ್ಟೆ. ದನಕರು, ಹಾಲಿನ ಡೈರಿ ಎಲ್ಲ ಮಾತಾಡಿ, ಕೊನೆಗೆ ದನಿ ತಗ್ಗಿಸಿದರು.

"ನೋಡಮ್ಮಾ, ಎಂಗಸು ಯಾಕ್ ಒಳಕ್ ಓದ್ಲು ಅಂತ ಆಚೆ ದೇಶದೋರೆಲ್ಲ ಕೇಳ್ತಾವ್ರೆ. ಅಮ್ಮ ಕನಸ್ನಾಗೆ ಬಂದು, ನೀನೇ ಒಳಕ್ ಬಾ ಅಂದ್ಲು ಅಂತ ಏಳ್ಬಿಡು. ಮುಗ್ದೋಯ್ತದೆ. ಅವರೂ ಕೈ ಮುಗೀತಾರೆ, ನಾವೂ ಮುಗೀತೀವಿ."

ಎಷ್ಟು ಸುಲಭ! ಒಂದು ಕನಸು ಹೇಳಿದರೆ ನನ್ನ ಕೈ ಪವಿತ್ರವಾಗುತ್ತದೆ, ಕಟ್ಟಳೆಯೂ ಉಳಿಯುತ್ತದೆ. ಒಳಗೆ ಹೋಗು ಅಂದವಳು ಅಮ್ಮನಾದರೆ ಆ ಭಾನುವಾರ ಸರಸಳ ಮೇಲೆ ನಾನಾಡಿದ ಮಾತನ್ನೂ ಅಮ್ಮನೇ ಆಡಿಸಿದಳು ಎಂದಾಗುತ್ತದೆ, ನಾನು ಪಾರು.

"ಯಾವ ಕನಸೂ ಬೀಳ್ಲಿಲ್ಲ ಮಾವ" ಎಂದೆ. "ಅಮ್ಮ ಏನೂ ಏಳ್ಲಿಲ್ಲ. ದೀಪ ಅಚ್ಬೇಕಾಗಿತ್ತು, ಓದೆ. ಇಷ್ಟ ಆಯ್ತು, ಮತ್ತೆ ಮತ್ತೆ ಓದೆ. ಸರಸನ್ನ ಹಿಡ್ಕೊಟ್ಟಿದ್ದೂ ನಾನೇ. ಅದುನ್ನ ಅಮ್ಮನ ಮೇಲೆ ಆಕಲ್ಲ."

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.