ಉಪದೇಶಿ ತಾತ ತೋರಿಸಿದ ಸಮಾಧಿ

ಉಪದೇಶಿ ತಾತನ ಎರಡೂ ಮಂಡಿಗಳು ಕಪ್ಪಾಗಿ, ದಪ್ಪಗಟ್ಟಿ, ಎಮ್ಮೆಯ ಗೊರಸಿನಂತೆ ಇದ್ದವು. ಧೋತರ ಮೇಲೆ ಕಟ್ಟಿ ಅವನು ಗುಡಿಯ ಕಟ್ಟೆಯ ಮೇಲೆ ಕೂತರೆ ನಾವು ಮಕ್ಕಳು ಬೆರಳಿನಿಂದ ತಟ್ಟಿ ನೋಡುತ್ತಿದ್ದೆವು. “ತಾತಾ, ನೋಯಂಗಿಲ್ಲೇನು?” ಎಂದರೆ, “ಮಂಡಿ ಊರೀ ಊರೀ ಆ ಚರ್ಮ ಯಾವಾಗೋ ಸತ್ತದ. ಇನ್ನೇನು ನೋಯ್ತದ?” ಎಂದು ನಗುತ್ತಿದ್ದ.

ನಮ್ಮೂರು ಮಾನ್ವಿ ತಾಲ್ಲೂಕಿನದು, ದೇವದುರ್ಗದ ಸರಹದ್ದಿಗೆ ಹತ್ತಿಕೊಂಡಿದೆ. ನಮ್ಮ ಕೇರಿಯವರು ಮುತ್ತಜ್ಜಂದಿರ ಕಾಲದಲ್ಲೇ ಕ್ರಿಸ್ತನ ಹಾದಿ ಹಿಡಿದವರು. ಚರ್ಚಿಗೆ ನಾವು ಗುಡಿ ಎಂದೇ ಅನ್ನುತ್ತೇವೆ. ಪೂಜೆಗೆ ಫಾದರ್ ಬರುವುದು ಅಪರೂಪ. ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ಪಕ್ಕ ಕೂಡುವುದು, ಸತ್ತವರನ್ನು ಮಣ್ಣಿಗಿಡುವುದು ಎಲ್ಲ ಉಪದೇಶಿಯಾದ ತಾತನ ಪಾಲಿನ ಕೆಲಸ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ, ಕೂಸು ಹೊಟ್ಟೆಯಲ್ಲಿದ್ದಂತೆಯೇ ತೀರಿಕೊಂಡಿದ್ದಳು. ಮತ್ತೆ ಮದುವೆಯಾಗಲಿಲ್ಲ. ಗುಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ನನ್ನ ಕೈ ಹಿಡಿದು ಮೊದಲ ಅಕ್ಷರ ತೀಡಿಸಿದವನು ಅವನು. ನಾನು ಇವತ್ತು ರಾಯಚೂರಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದರೆ ಆ ಕಟ್ಟೆಯೇ ಕಾರಣ.

ತಾತ ತಬ್ಬಲಿ. ಅವನನ್ನು ಸಾಕಿ ಓದಿಸಿದವರು ಐರ್ಲೆಂಡ್ ದೇಶದ ಒಂದು ಹಳ್ಳಿಯಿಂದ ಬಂದು, ನಮ್ಮೂರಲ್ಲೇ ಜ್ವರದಿಂದ ತೀರಿಕೊಂಡ ಹಳೇ ಫಾದರ್. ಗುಡಿಯ ಬಲಗಡೆ ಶಹಾಬಾದಿ ಕಲ್ಲು ಹಾಸಿದ ಅವರ ಸಮಾಧಿಯಿತ್ತು. ತಾತ ದಿನಾ ಬೆಳಿಗ್ಗೆ ಅದನ್ನು ತೊಳೆದು, ಸಿಕ್ಕ ಹೂವಿಟ್ಟು, ಆಮೇಲೆ ಚಹಾ ಕುಡಿಯುತ್ತಿದ್ದ. ಫಾದರ್ ತಮ್ಮೂರಿನ ಬಗ್ಗೆ ಹೇಳಿದ್ದೆಲ್ಲ ಅವನ ಬಾಯಲ್ಲಿತ್ತು. ಜಪ ಮುಗಿದ ಮೇಲೆ ನಾವು ಅದನ್ನೇ ಕೇಳುತ್ತಿದ್ದೆವು.

“ಅವ್ರ ಊರಾಗ ಕಟಿಗಿ ಕಡಿಮಿ. ಮಣ್ಣನ್ನ ಇಟ್ಟಂಗಿಗತೆ ಕಡ್ದು, ಒಣಗಿಸಿ, ಒಲಿಗೆ ಹಾಕ್ತಾರ. ಅಲ್ಲಿ ಮಣ್ಣು ಉರೀತದ!”

“ಸುಳ್ಳು ಬಿಡು ತಾತಾ!”

“ಫಾದರ್ ಸುಳ್ಳು ಹೇಳ್ತಾರೇನಲೇ? ಕೇಳ್ರಿ. ಪೂಜಿ ಮಾಡಬಾರ್ದಂತ ಅಲ್ಲಿ ಅರಸರು ಕಾನೂನು ಮಾಡಿದ್ರು. ಮಂದಿ ಅಡವ್ಯಾಗ ಒಂದು ಕಲ್ಲಗುಂಡಿನ ಮುಂದ ಮಂಡಿ ಊರಿ ಕದ್ದು ಪೂಜಿ ಮಾಡ್ತಿದ್ರು. ಒಂದು ಬಾವಿ ಅದ. ಅದರ ಬಾಜೂಕಿನ ಗಿಡಕ್ಕ ಹರಕಿ ಹೊತ್ತವ್ರು ಅರಿವಿ ಚೂರು ಕಟ್ತಾರ, ನಮ್ಮ ದರ್ಗಾದಾಗ ಕಟ್ಟಿದಂಗ.”

ಆ ಊರಿನ ಹಸಿವಿನ ಕತೆಗೆ ಬಂದಾಗ ತಾತನ ದನಿ ಇಳಿಯುತ್ತಿತ್ತು. ಆಲೂಗಡ್ಡೆ ಹೊಲದಲ್ಲೇ ಕೊಳೆತದ್ದು, ಜನ ಹಾದಿಯಲ್ಲಿ ಹುಲ್ಲು ತಿಂದು ಸತ್ತದ್ದು, ಉಳಿದವರು ಹಡಗು ಹತ್ತಿ ಹೋದದ್ದು. ಕಳೆ ತೆಗೆದು ಬಂದು ಗೋಡೆಗೊರಗಿ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಐರ್ಲೆಂಡ್ ಯಾವ ದಿಕ್ಕಿಗಿದೆಯೆಂದು ಅವರಿಗೆ ತಿಳಿಯದು, ಹಸಿವು ತಿಳಿದಿತ್ತು. ತಾತ ಕೊನೆಗೆ ಒಂದು ಮಾತು ಹೇಳಿ ಏಳುತ್ತಿದ್ದ: “ಸತ್ತವ್ರನ್ನ ಬಿಟ್ರ ಊರು ಅರ್ಧಾನ.”

ಕೆಲವು ವರ್ಷಗಳ ಹಿಂದೆ ಗುಡಿಯ ಕಮಿಟಿಯವರು ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಲು ನಿಂತರು. ಅದೇ ಹೊತ್ತಿಗೆ ತಾತನ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ರಾಯಚೂರಿನ ನಮ್ಮ ಮನೆಯಲ್ಲಿದ್ದ. ಗುಣವಾದ ಮೇಲೆ ನಾನೇ ಅವನನ್ನು ಊರಿಗೆ ಬಿಡಲು ಹೋದೆ. ಕರಿ ಕನ್ನಡಕ ಹಾಕಿಕೊಂಡೇ ತಾತ ಗುಡಿಯ ಬಲಕ್ಕೆ ನಡೆದ. ಅಲ್ಲಿ ಮೂಲೆಯಿಂದ ಮೂಲೆಗೆ ಸಿಮೆಂಟಿನ ಪೇವರ್ ಕಲ್ಲು ಹಾಸಿತ್ತು. ಗಾಡಿ ನಿಲ್ಲಿಸುವ ಜಾಗವಂತೆ.

“ಸಮಾಧಿ ಎಲ್ಲದ?” ಎಂದ.

ಕಮಿಟಿಯ ಹಿರಿಯ ಮೆತ್ತಗೆ ಹೇಳಿದ: “ಜಾಗಾ ಸಾಲಲಿಲ್ಲ ತಾತಾ. ಜೆಸಿಬಿಯವ ನೆಲಾ ಅಗ್ದು ಮಟ್ಟ ಮಾಡುವಾಗ ನಾವ್ಯಾರೂ ಇರಲಿಲ್ಲ. ಎಲುಬು ಏನೂ ಕಾಣಲಿಲ್ಲಂದ. ಮಣ್ಣು ಎಲ್ಲಾ ಲಾರ್‍ಯಾಗ ಹೋತು.”

“ಯಾ ಕಡಿ ಹೋತು?”

ಯಾರಿಗೂ ಗೊತ್ತಿರಲಿಲ್ಲ. ತಾತ ಬೈಯಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಆ ಪೇವರ್ ಕಲ್ಲುಗಳನ್ನು ಸವರಿದ, ಕುರುಡರು ಸವರಿ ನೋಡುವಂತೆ.

ಮುಂದಿನ ಚಳಿಗಾಲಕ್ಕೆ ಸುದ್ದಿ ಬಂತು: ಐರ್ಲೆಂಡಿನಿಂದ ಹಳೇ ಫಾದರ್ ಅವರ ತಮ್ಮನ ಮೊಮ್ಮಗಳು ಬರುತ್ತಿದ್ದಾರೆ. ತಮ್ಮ ಊರಿನ ಧರ್ಮಕೇಂದ್ರದ ಚರಿತ್ರೆ ಬರೆಯುತ್ತಿದ್ದಾರೆ. ಅದರಲ್ಲಿ ಫಾದರ್ ಸಮಾಧಿಯ ಚಿತ್ರ ಬೇಕಂತೆ. ಮಾತು ತರ್ಜುಮೆ ಮಾಡಲು ನನ್ನನ್ನು ಕರೆಸಿದರು.

ಬಂದವರು ಅರವತ್ತು ದಾಟಿದ, ಬಿಸಿಲಿಗೆ ಮುಖ ಕೆಂಪೇರಿದ ಹೆಂಗಸು. ತಾತನನ್ನು ಕಂಡದ್ದೇ ಚೀಲದಿಂದ ಕಾಗದದಲ್ಲಿ ಸುತ್ತಿದ ಕಂದು ಬಣ್ಣದ ಹೆಂಟೆಯೊಂದನ್ನು ತೆಗೆದು ಅವನ ಕೈಗಿಟ್ಟರು. ತಾತ ಮೂಸಿ ನೋಡಿದ. “ಇದ… ಉರಿಯೋ ಮಣ್ಣಲ್ಲೇನು?” ಎಂದ. ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಹೌದೆಂದು ತಲೆಯಾಡಿಸಿದರು.

ಆಮೇಲೆ ಅವನು ಮುಂದೆ ನಡೆದ, ನಾವು ಹಿಂದೆ. ಕಮಿಟಿಯವರೂ ಇದ್ದರು. ಊರಾಚೆ ನಮ್ಮವರನ್ನು ಹೂಳುವ ಮಣ್ಣಿನ ಜಾಗದಲ್ಲಿ, ಬೇವಿನ ಮರದ ಕೆಳಗಿನ ಒಂದು ಗುಡ್ಡೆಯ ಮುಂದೆ ತಾತ ನಿಂತ.

“ಇಲ್ಲೇ,” ಎಂದ.

ಆ ಮಣ್ಣು ಚೆಲ್ಲಿದ ಕಡೆ ಆಮೇಲೆ ಏನಾದರೂ ಸಿಕ್ಕಿ, ಅದನ್ನು ಇಲ್ಲಿಗೆ ತಂದು ಹೂಳಿರಬೇಕು ಎಂದುಕೊಂಡು ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಮಣ್ಣಿಗೆ ಹಣೆ ಹಚ್ಚಿ ಬಿಕ್ಕಿ ಅತ್ತರು. ಸಾಯುವಾಗ ಅವರ ಹತ್ತಿರ ಯಾರಿದ್ದರು ಎಂದು ಕೇಳಿದರು. “ನಾನಿದ್ದೆ. ನನ್ನ ತೊಡಿ ಮ್ಯಾಲ ತೆಲಿ ಇತ್ತು. ತಮ್ಮವ್ವನ್ನ ಕರೆದ್ರು,” ಎಂದ ತಾತ. ಅವನೂ ಮಂಡಿಯೂರಿ ಗುಡ್ಡೆಯ ಮೇಲೆ ಕೈಯಿಟ್ಟ. ಆಮೇಲೆ ಅವನಿಗೆ ಏಳಲಾಗಲಿಲ್ಲ. ಇಬ್ಬರು ಹಿಡಿದೆತ್ತಿದರು.

ಬೇಸಿಗೆಯ ಹೊತ್ತಿಗೆ ಅಲ್ಲಿ ಆಕೆ ಮಾಡಿಸಿದ ಕರಿಕಲ್ಲು ನಿಂತಿತು. ಫಾದರ್ ಹೆಸರು, ಅವರ ಊರಿನ ಹೆಸರು, ಸುತ್ತ ಸ್ಟೀಲಿನ ಕಟಾಂಜನ. ರಜೆಗೆ ಹೋದಾಗ ನಾನು ಖುಷಿಯಿಂದ ಅಂದೆ: “ತಾತಾ, ಫಾದರ್‌ಗೆ ಕಡೀಗೂ ಒಂದು ಜಾಗಾ ಆತು ನೋಡು.”

“ಅಲ್ಲಿರಾಕಿ ನನ್ನ ಹೇಣ್ತಿ, ಯವ್ವಾ.”

ನಾನು ಅವನ ಪಕ್ಕ ಕೂತೆ.

“ಯಾವುದಾರ ಒಂದು ಗುಡ್ಡಿ ತೋರಿಸು, ಊರ ಮಾನ ಉಳೀತದ ಅಂದ್ರು ಕಮಿಟಿಯವ್ರು. ಆಕಿ ಸಮುದ್ರ ದಾಟಿ ಬಂದಾಳ. ಲಾರ್‍ಯಾಗ ಹಾಕಿ ಚೆಲ್ಲೀವಿ ಅಂತ ಯಾ ಬಾಯಿಲೆ ಹೇಳ್ಲಿ? ಮಂದಿ ಮನ್ಯಾಗ ಸತ್ತವ್ರನ್ನ ಕೊಡಾಕ ನಾನ್ಯಾರು? ನಂದನ್ನ ನಾ ಕೊಟ್ಟೆ.”

“ನಾ ಆಕಿಗೆ ಖರೆ ಬರೀತೀನಿ ತಾತಾ.”

“ಬ್ಯಾಡ. ಆಕಿ ಅತ್ತು ಹಗುರಾಗಿ ಹೋಗ್ಯಾಳ. ಮತ್ಯಾಕ ಅಳಸ್ತೀ?” ಎಂದವನು ಸ್ವಲ್ಪ ತಡೆದು, “ಈಗ ಅಲ್ಲಿ ಹೋದ್ರ ನಾ ಯಾರಿಗೆ ಜಪ ಹೇಳ್ಬೇಕು ತಿಳಿವಲ್ದು,” ಎಂದ.

ಅಲ್ಲಿಂದ ಅವನು ಮಣ್ಣಿನ ಜಾಗಕ್ಕೆ ಕಾಲಿಡಲಿಲ್ಲ. ಕತೆಯನ್ನೂ ಬಿಟ್ಟ. ಮಕ್ಕಳು ಉರಿಯುವ ಮಣ್ಣಿನ ಕತೆ ಕೇಳಿದರೆ “ಮರ್ತೀನಿ” ಅನ್ನುತ್ತಿದ್ದ. ಬರಬರುತ್ತ ಅದು ನಿಜವೇ ಆಯಿತು. ಕೊನೆಗೆ ಅರ್ಧ ಜಪ ಹೇಳಿ ಮುಂದಿನದಕ್ಕೆ ತಡಕಾಡುತ್ತಿದ್ದ. ಊರಿಗೆಲ್ಲ ಕಲಿಸಿದವನಿಗೆ ಹೇಳಿಕೊಡಲು ಯಾರಿಗೂ ಪುರಸೊತ್ತಿರಲಿಲ್ಲ.

ಮಾನ್ವಿಯ ಸರ್ಕಾರಿ ದವಾಖಾನೆಯಲ್ಲಿ ತಾತ ತೀರಿಕೊಂಡ. ನಾನು ಮುಟ್ಟುವಷ್ಟರಲ್ಲಿ ಹೆಣ ಊರಿಗೆ ಬಂದಿತ್ತು. ಕಮಿಟಿಯ ಹಿರಿಯನನ್ನು ಪಕ್ಕಕ್ಕೆ ಕರೆದು, ಬೇವಿನ ಮರದ ಕೆಳಗೇ ಇಡಬೇಕೆಂದೆ. ಕಾರಣವನ್ನೂ ಹೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. “ಗೊತ್ತದ್ರಿ ಟೀಚರ್. ಆದ್ರ ಈಗ ಅದು ಫಾದರ್ ಸಮಾಧಿ. ಕಟಾಂಜನ ಹೆಂಗ ತೆಗೀಬೇಕು? ಮಂದಿಗೆ ಏನಂತ ಹೇಳ್ಬೇಕು?”

ತಾತನಿಗೆ ಸಿಕ್ಕಿದ್ದು ಕಾಲುವೆ ಕಡೆಯ ತುದಿ. ಪಕ್ಕದ ನೆಲ್ಲಿನ ಗದ್ದೆಯ ನೀರು ಅಗೆದ ಕುಣಿಯಲ್ಲಿ ಜಿನುಗುತ್ತಿತ್ತು. ಬಕೆಟ್ಟಿನಿಂದ ತೋಡಿ ಚೆಲ್ಲಿದಷ್ಟೂ ಬರುತ್ತಿತ್ತು. ಕೊನೆಗೆ ನೀರಿನಲ್ಲೇ ಇಳಿಸಿದರು.

ಐರ್ಲೆಂಡಿನ ಆ ಪುಸ್ತಕ ನನಗೂ ಬಂದಿದೆ. ಕಲ್ಲಗುಂಡು, ಬಾವಿ, ಅರಿವೆ ಕಟ್ಟಿದ ಗಿಡ, ಎಲ್ಲ ತಾತ ಹೇಳಿದಂತೆಯೇ ಇವೆ. ಒಂದು ಪುಟದಲ್ಲಿ ನಮ್ಮ ಬೇವಿನ ಮರ, ಕರಿಕಲ್ಲು.

ಹೋದ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಕಟಾಂಜನದ ತುಂಬ ಮೇಣದ ಬತ್ತಿ, ಹೂವು. ದೂರದೂರುಗಳಿಂದಲೂ ಜನ ಫಾದರ್‌ಗೆ ಹರಕೆ ಹೊತ್ತು ಬರುತ್ತಾರೆ. ನಾನು ಬತ್ತಿ ಹಚ್ಚಿ ತಾತನ ಹೆಂಡತಿಗಾಗಿ ಜಪ ಶುರುಮಾಡಿದೆ. ಸತ್ತವರ ಹೆಸರು ಹೇಳುವ ಕಡೆ ಬಂದು ನಿಂತುಹೋಯಿತು. ತಾತ ನನ್ನ ಮುಂದೆ ಎಂದೂ ಆ ಹೆಸರು ಎತ್ತಿರಲಿಲ್ಲ. ಕೇರಿಯಲ್ಲಿ ಉಳಿದ ಹಿರಿಯರನ್ನೆಲ್ಲ ಮನೆಮನೆಗೆ ಹೋಗಿ ಕೇಳಿದೆ. ಉಪದೇಶಿಗೆ ಹೇಣ್ತಿ ಇದ್ದಳೇನು, ಎಂದು ಒಬ್ಬಳು ನನ್ನನ್ನೇ ಕೇಳಿದಳು.